ಗಾನಯೋಗಿ ಪಂಚಾಕ್ಷರ ಗವಾಯಿಗಳ ಉಸಿರಿನ ಸಾಧನೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ಈ ನಾಲ್ಕು ಸೀಮೆಗಳ ನೆಲ ಹಾಡಿಗೂ ನುಡಿಗೂ ಹೆಸರಾದುದು. ಏಕಾಂತದ ರಾಮಯ್ಯನ ಅಬಲೂರು ಹಿರೇಕೆರೂರಿನ ಸೀಮೆಯಲ್ಲಿದೆ, ಕನಕದಾಸರ ಬಾಡ, ಶರೀಫ ಸಾಹೇಬರ ಶಿಶುನಾಳ ಇವೆರಡೂ ಶಿಗ್ಗಾಂವಿಯ ಸೀಮೆಯಲ್ಲಿವೆ, ವಿ. ಕೃ. ಗೋಕಾಕರು ಹುಟ್ಟಿದುದು ಸವಣೂರಿನಲ್ಲಿ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಭಾಗ್ಯವೆಂದರೆ ಗಾನಯೋಗಿ ಪಂಚಾಕ್ಷರ ಗವಾಯಿಗಳು ಅಲ್ಲಿ ಜನ್ಮವೆತ್ತಿದುದು. ಅವರ ಚರಿತ್ರೆಯನ್ನು ಬಲ್ಲವರು ಬಹುಮಂದಿ. ಆದರೆ ಆ ಚರಿತ್ರೆಯ ಒಳಗೆ ಹರಿದಿರುವ ಒಂದು ಸೂತ್ರದತ್ತ, ಎಂದರೆ ಉಸಿರಿನತ್ತ, ವಾಚಕರ ಗಮನವನ್ನು ಸೆಳೆಯುವುದು ಈ ಕಿರುಲೇಖನದ ಉದ್ದೇಶ.

1892ರಲ್ಲಿ ಗುರುಪಾದಯ್ಯ ಚರಂತಿಮಠ ಮತ್ತು ನೀಲಮ್ಮ ದಂಪತಿಗಳಿಗೆ ಜನಿಸಿದ ಈ ಶಿಶುವಿಗೆ ಗದಿಗೆಯ್ಯನೆಂದು ನಾಮಕರಣವಾಯಿತು. ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ, ತಮ್ಮನಿಗೂ ಕಣ್ಣಿರಲಿಲ್ಲ. ಅಂದಿನ ಹಳ್ಳಿಯಲ್ಲಿ ಬಡವರ ಮನೆಯ ಕುರುಡು ಮಗುವಿಗೆ ಉಳಿದಿದ್ದ ದಾರಿಗಳು ಎರಡೇ: ಮನೆಯವರಿಗೆ ಭಾರವಾಗಿ ಮೂಲೆಯಲ್ಲಿ ಕುಳಿತಿರುವುದು, ಇಲ್ಲವೆ ಪರರ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲುವುದು. ಬರೆಹವನ್ನು ಓದಲಾರದವನಿಗೆ ಶಾಲೆಯ ಬಾಗಿಲು ತೆರೆದಿರಲಿಲ್ಲ. ಕಿವಿ, ನೆನಪು, ಕಂಠ, ಉಸಿರು ಇವಿಷ್ಟೇ ಆ ಬಾಲಕನ ಬಂಡವಾಳ.

ಈ ಬಂಡವಾಳದ ಬೆಲೆಯನ್ನು ಕಂಡವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರು. 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಸಮೀಪದಲ್ಲಿ, ಮಲಪ್ರಭೆಯ ತಡಿಯಲ್ಲಿ, ಶಿವಯೋಗಮಂದಿರವನ್ನೂ ಸ್ಥಾಪಿಸಿದ ಆ ಮಹನೀಯರು ಬಾಲಕನಿಗೆ ಆಸರೆಯಾದರು. ಗದಿಗೆಯ್ಯನು ಪಂಚಾಕ್ಷರಿಯಾದನು. ಮೈಸೂರಿನಲ್ಲಿದ್ದು ಕರ್ನಾಟಕ ಸಂಗೀತವನ್ನು ಅಭ್ಯಸಿಸಿದನು. ನೀಲಕಂಠ ಬುವಾ ಮಿರಜಕರರಲ್ಲಿಯೂ ಕಿರಾಣಾ ಘರಾಣೆಯ ಉಸ್ತಾದ್ ವಹೀದ್ ಖಾನರಲ್ಲಿಯೂ ಹಿಂದೂಸ್ತಾನಿ ಸಂಗೀತವನ್ನು ಸಾಧಿಸಿದನು. ಎರಡು ಪದ್ಧತಿಗಳಲ್ಲಿಯೂ ಅಧಿಕಾರವಾಣಿಯಿಂದ ಹಾಡಬಲ್ಲವರಾದುದರಿಂದ ಮುಂದೆ ಉಭಯಗಾನ ವಿಶಾರದರೆಂಬ ಕೀರ್ತಿ ಅವರಿಗೆ ಸಂದಿತು.

ಇಲ್ಲಿ ಉಸಿರಿನ ಮಾತನ್ನು ಎತ್ತಿಕೊಳ್ಳಬೇಕು. ಛಂದಶ್ಶಾಸ್ತ್ರವನ್ನು ಪಾಠ ಹೇಳುವ ನಮ್ಮಂಥವರಿಗೆ ಯತಿಯೆಂಬುದು ಪರಿಚಿತವಾದ ಪದ. ಪದ್ಯವನ್ನು ಓದುವಾಗ ಉಸಿರು ತಂಗುವ ಠಾವೇ ಯತಿ. ಅದನ್ನು ಲೆಕ್ಕಿಸದೆ ಮುಂದೆ ಸಾಗುವ ಯತಿವಿಲಂಘನ ಕನ್ನಡ ಕವಿಗಳಿಗೆ ಪ್ರಿಯವಾದುದೆಂಬುದೂ ಪ್ರಸಿದ್ಧವೇ. ಗಾಯಕನಾದರೋ ಪ್ರತಿದಿನವೂ ಯತಿವಿಲಂಘನಕ್ಕೆ ತೊಡಗಿದವನು. ಕಿರಾಣಾ ಪದ್ಧತಿಯ ವಿಲಂಬಿತ ಆಲಾಪದಲ್ಲಿ ಒಂದು ಸ್ವರವನ್ನು ಕದಲದಂತೆ ನಿಲ್ಲಿಸಬೇಕಾದರೆ, ಸಾಮಾನ್ಯನು ಎರಡು ಮೂರು ಸಲ ಉಸಿರಾಡುವಷ್ಟು ಕಾಲವನ್ನು ಒಂದೇ ಉಸಿರಿನಲ್ಲಿ ದಾಟಬೇಕಾಗುತ್ತದೆ.

ಇದು ಸಾಧ್ಯವಾಗುವ ಬಗೆಯನ್ನು ಶರೀರಶಾಸ್ತ್ರ ವಿವರಿಸುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕನು ನಿಮಿಷಕ್ಕೆ ಸುಮಾರು 12ರಿಂದ 18 ಸಲ ಉಸಿರಾಡುತ್ತಾನೆ. ಈ ಲಯದ ತಾಳವನ್ನು ಹಾಕುವುದು ಶ್ವಾಸಕೋಶವಲ್ಲ, ಮೆದುಳು. ಮೆದುಳು ಬೆನ್ನುಹುರಿಯನ್ನು ಕೂಡುವೆಡೆಯಲ್ಲಿರುವ ಮೆಡುಲ್ಲಾ ಎಂಬ ಕಿರಿದಾದ ಭಾಗದಲ್ಲಿ ಶ್ವಾಸದ ನೆಲೆಯಿದೆಯೆಂಬುದನ್ನು ಫ್ರಾನ್ಸಿನ ಲೆಗಲ್ವಾ ಎಂಬ ವೈದ್ಯನು 19ನೆಯ ಶತಮಾನದ ಆರಂಭದಲ್ಲಿಯೇ ತೋರಿಸಿದನು. ಅದರೊಳಗೆ ಲಯವನ್ನು ಹುಟ್ಟಿಸುವ ನರಕೋಶಗಳ ಸಣ್ಣ ಗುಂಪನ್ನು ವಿಜ್ಞಾನಿಗಳು 1991ರಲ್ಲಿ ಗುರುತಿಸಿದರು. ಅಲ್ಲಿಂದ ಹೊರಟ ಆಜ್ಞೆ ಕತ್ತಿನ ಭಾಗದ ಬೆನ್ನುಹುರಿಯ ಮೂಲಕ ವಪೆಯನ್ನು ಮುಟ್ಟುತ್ತದೆ. ವಪೆ ಕೆಳಗಿಳಿದೊಡನೆ ಗಾಳಿ ಒಳಬರುತ್ತದೆ. ನಿದ್ರೆಯಲ್ಲಿಯೂ ಈ ತಾಳ ತಪ್ಪುವುದಿಲ್ಲ.

ಹಾಡುವವನು ಈ ತಾಳದ ಮೇಲೆ ಇನ್ನೊಂದು ಆಜ್ಞೆಯನ್ನು ಹೇರುತ್ತಾನೆ. ಇಚ್ಛಾಪೂರ್ವಕವಾದ ಚಲನೆಗಳಿಗೆ ಒಡೆಯನಾದ ಮೆದುಳಿನ ಮೇಲ್ಪದರ ಶ್ವಾಸದ ಸ್ನಾಯುಗಳನ್ನು ನೇರವಾಗಿ ಆಳತೊಡಗುತ್ತದೆ. ಗಾಳಿ ಶೀಘ್ರವಾಗಿ ಒಳಗೆ ಬರುತ್ತದೆ. ಹೊರಹೋಗುವಾಗ ಪಕ್ಕೆಲುಬುಗಳನ್ನು ಎತ್ತಿ ಹಿಡಿಯುವ ಸ್ನಾಯುಗಳು ಒಮ್ಮೆಲೇ ಸಡಿಲವಾಗದೆ ಮೆಲ್ಲಮೆಲ್ಲನೆ ಬಿಗಿ ತಗ್ಗಿಸುತ್ತವೆ. ಆದುದರಿಂದಲೇ ಧ್ವನಿಪೆಟ್ಟಿಗೆಯ ಕೆಳಗಿನ ಒತ್ತಡ ಸಮನಾಗಿ ನಿಂತು ಸ್ವರ ನಡುಗುವುದಿಲ್ಲ. ಹೊತ್ತು ಮೂಡುವ ಮೊದಲೇ ಎದ್ದು ಮಾಡುವ ಮಂದ್ರಸಾಧನೆಯಿಂದ ಗಾಯಕರು ಗಳಿಸುವುದು ಈ ಹದವನ್ನೇ.

ರಕ್ತದೊತ್ತಡಕ್ಕೂ ಉಸಿರಿಗೂ ನಂಟುಂಟು. ಕುತ್ತಿಗೆಯ ಇಕ್ಕೆಲಗಳ ದೊಡ್ಡ ರಕ್ತನಾಳಗಳ ಕವಲಿನಲ್ಲಿಯೂ ಹೃದಯದ ಮೇಲಿನ ಮಹಾಧಮನಿಯ ಕಮಾನಿನಲ್ಲಿಯೂ ಒತ್ತಡವನ್ನು ಅಳೆಯುವ ನರತುದಿಗಳಿವೆ. ಒತ್ತಡ ಏರಿದರೆ ಅವು ಮೆಡುಲ್ಲಾಕ್ಕೆ ಸುದ್ದಿ ಮುಟ್ಟಿಸುತ್ತವೆ. ಅದು ಹೃದಯದ ವೇಗವನ್ನು ತಗ್ಗಿಸಿ, ರಕ್ತನಾಳಗಳ ಬಿಗಿಯನ್ನು ಸಡಿಲಿಸುತ್ತದೆ. ಈ ತಾಣಗಳಿಂದ ಬರುವ ಸುದ್ದಿ ಉಸಿರಾಟವನ್ನೂ ನಿಯಂತ್ರಿಸುತ್ತದೆಯೆಂದು ತೋರಿಸಿದ ಬೆಲ್ಜಿಯಂ ದೇಶದ ಹೇಮನ್ಸರಿಗೆ 1938ನೆಯ ಸಾಲಿನ ನೊಬೆಲ್ ಪಾರಿತೋಷಕ ಸಂದಿತು. ಉಸಿರನ್ನು ಒಳಗೆಳೆದುಕೊಂಡಾಗ ನಾಡಿ ತುಸು ವೇಗಗೊಳ್ಳುತ್ತದೆ, ಹೊರಬಿಟ್ಟಾಗ ನಿಧಾನಗೊಳ್ಳುತ್ತದೆ. ಜಪದಿಂದ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಾಗ ಒತ್ತಡವನ್ನು ಸರಿದೂಗಿಸುವ ಈ ವ್ಯವಸ್ಥೆ ಹೆಚ್ಚು ಚುರುಕಾಗುವುದೆಂದು ಇಟಲಿಯ ವೈದ್ಯರು 2001ರಲ್ಲಿ ಪ್ರಕಟಿಸಿದರು. ಅವರು ಪರೀಕ್ಷಿಸಿದುದು ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನು ಮತ್ತು ಯೋಗದ ಮಂತ್ರವನ್ನು. ಇದನ್ನು ಓದಿ ರಕ್ತದೊತ್ತಡದ ರೋಗಿಗಳು ಔಷಧವನ್ನು ಬಿಡಲಾಗದು. ಜಪವೂ ಗಾನವೂ ವೈದ್ಯನ ಸಹಾಯಕರೇ ಹೊರತು ವೈದ್ಯನ ಸ್ಥಾನಕ್ಕೆ ಸಲ್ಲುವಂಥವಲ್ಲ.

ಹಾಗಾದರೆ ಸಾಧಕನು ಉಸಿರಿನ ಪೂರ್ಣ ಒಡೆಯನಾದನೇ? ಇಲ್ಲ. ಉಸಿರು ಹಿಡಿದಷ್ಟೂ ರಕ್ತದಲ್ಲಿ ಇಂಗಾಲಾಮ್ಲ ಏರುತ್ತದೆ. ಅದನ್ನು ಅರಿತ ಮೆಡುಲ್ಲಾ ಒಂದು ಮೇರೆಯ ಆಚೆಗೆ ಇಚ್ಛೆಯ ಆಜ್ಞೆಯನ್ನು ತಳ್ಳಿಹಾಕಿ ಗಾಳಿಯನ್ನು ಒಳಗೆಳೆಯುತ್ತದೆ. ಹಠ ಹಿಡಿದವನು ಮೂರ್ಛೆ ಹೋದರೂ ಆ ಮೂರ್ಛೆಯಲ್ಲಿಯೇ ಉಸಿರಾಟ ಮರುಕೊಳಿಸುತ್ತದೆ. ಕವಿ ಯತಿಯನ್ನು ದಾಟಬಹುದು, ಗಾಯಕ ಅದನ್ನು ದೂರ ಸರಿಸಬಹುದು. ದೇಹದೊಳಗೆ ಇಟ್ಟ ಯತಿಯನ್ನು ಅಳಿಸಲು ಯಾರಿಗೂ ಸಾಧ್ಯವಿಲ್ಲ. ಉಸಿರು ನಮಗೆ ಕಡವಾಗಿ ಬಂದುದು. ಅದನ್ನು ಯಾವುದಕ್ಕೆ ವ್ಯಯಿಸಬೇಕೆಂಬುದಷ್ಟೇ ನಮ್ಮ ಆಯ್ಕೆ.

ಗವಾಯಿಗಳ ಹಿರಿಮೆ ಈ ಆಯ್ಕೆಯಲ್ಲಿದೆ. ಅಂಥ ವಿದ್ವತ್ತು ಇದ್ದವರಿಗೆ ಸಂಸ್ಥಾನಗಳ ಆಶ್ರಯವೂ ದೊಡ್ಡ ನಗರಗಳ ಸಭೆಗಳೂ ದೂರವಾಗಿರಲಿಲ್ಲ. ಅವರು ಆರಿಸಿಕೊಂಡುದು ಬೇರೆ ಹಾದಿಯನ್ನು. ಅಂಧರನ್ನು, ಅನಾಥರನ್ನು, ಬಡಮಕ್ಕಳನ್ನು ಜಾತಿಯೆಣಿಸದೆ ಕೂಡಿಸಿಕೊಂಡು, ಊರಿಂದೂರಿಗೆ ನಡೆಯುವ ಸಂಚಾರಿ ಸಂಗೀತ ಪಾಠಶಾಲೆಯನ್ನು ಕಟ್ಟಿದರು. ಅದರ ಜೊತೆಗೆ ನಾಟಕ ಮಂಡಳಿಯೂ ನಡೆಯಿತು. ಇಷ್ಟು ಮಕ್ಕಳ ಅನ್ನಕ್ಕೆ ಸ್ಥಿರವಾದ ಆದಾಯವಿರಲಿಲ್ಲ. ಊರವರ ಭಿಕ್ಷೆ, ಭಕ್ತರ ಕಾಣಿಕೆ ಇವೇ ಆಧಾರ. 1930ರಲ್ಲಿ ಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದ ಮೇಲೆ ಆ ಭಾರ ಇನ್ನೂ ಹೆಚ್ಚಿತು. ಆದರೂ ಪಾಠ ನಿಲ್ಲಲಿಲ್ಲ. ಗದುಗಿನ ಬಸರಿಗಿಡದ ವೀರಪ್ಪನವರಂಥ ದಾನಿಗಳು ಕೈಗೂಡಿಸಿದರು. 1942ರಲ್ಲಿ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡು, ಅಲೆದಾಡುತ್ತಿದ್ದ ಶಾಲೆಗೆ ಒಂದು ಸೂರು ದೊರಕಿತು.

ಆ ಸೂರಿನ ಕೆಳಗೆ ಗವಾಯಿಗಳು ಬಾಳಿದುದು ಎರಡು ವರ್ಷ ಮಾತ್ರ. 1944ರಲ್ಲಿ, 52ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಅಷ್ಟು ಕಾಲ ಸ್ವರವನ್ನು ಹಿಡಿದು ನಿಲ್ಲಿಸಿದ ಉಸಿರು ತನ್ನ ಯತಿಯಲ್ಲಿ ನಿಂತಿತು.

ಆದರೆ ಹಾಡು ನಿಲ್ಲಲಿಲ್ಲ. ಹಾನಗಲ್ಲ ತಾಲೂಕಿನಲ್ಲಿಯೇ 1914ರಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜರನ್ನು ಗವಾಯಿಗಳು ತಮ್ಮಂತೆಯೇ ಬೆಳೆಸಿದ್ದರು. ಪುಟ್ಟರಾಜ ಗವಾಯಿಗಳವರು 2010ರಲ್ಲಿ ಲಿಂಗೈಕ್ಯರಾಗುವವರೆಗೆ, ಎಂದರೆ ಮತ್ತೆ 66 ವರ್ಷ, ಆ ಆಶ್ರಮವನ್ನು ನಡೆಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಪ್ರಶಸ್ತಿಯೂ ಬಂದಿತ್ತು. ಪಂಡಿತ ಬಸವರಾಜ ರಾಜಗುರುಗಳೂ ಪಂಚಾಕ್ಷರ ಗವಾಯಿಗಳಲ್ಲಿ ಕಲಿತವರೇ. ಗುರುವು ಶಿಷ್ಯನ ಎದುರು ಕುಳಿತು ಒಂದು ಸ್ವರವನ್ನು ಹಾಡಿ ತೋರಿಸುವಾಗ, ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಎಲ್ಲಿ ಬಿಡಬೇಕು ಎಂಬುದೂ ಅದರೊಡನೆ ದಾಟುತ್ತದೆ. ಪುಸ್ತಕದಲ್ಲಿ ಬರೆದಿಡಲಾಗದ ಆ ವಿದ್ಯೆ ಕಣ್ಣಿಲ್ಲದವರ ಪರಂಪರೆಯಲ್ಲಿ ಒಂದು ಶತಮಾನ ಕೆಡದೆ ಉಳಿದು ಬಂದಿತು.

ಶಿಕ್ಷಕ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಈ ಚರಿತ್ರೆಯಿಂದ ಗ್ರಹಿಸಬೇಕಾದುದು ಸರಳವಾಗಿದೆ. ಕಾಡಶೆಟ್ಟಿಹಳ್ಳಿಯ ಬಾಲಕನನ್ನು ಒಬ್ಬ ಗುರು ಕಾಣದೆ ಹೋಗಿದ್ದರೆ ನಾಡು ಏನನ್ನು ಕಳೆದುಕೊಂಡಿತೆಂಬುದು ನಾಡಿಗೆ ತಿಳಿಯುತ್ತಲೇ ಇರಲಿಲ್ಲ. ನಮ್ಮ ತರಗತಿಗಳ ಕೊನೆಯ ಸಾಲಿನಲ್ಲಿಯೂ ಅಂಥ ಮಗುವೊಂದು ಕುಳಿತಿರಬಹುದು. ಅದನ್ನು ಕಾಣುವ ಕಣ್ಣು ನಮಗಿರಲಿ. ನಮಗೆ ಬಂದ ಉಸಿರಿನಲ್ಲಿ ಒಂದು ಪಾಲು ಅದರ ಏಳಿಗೆಗಾಗಿ ಸಲ್ಲಲಿ.