ಮಳೆಯಲ್ಲಿ ನಿಂತು ಕಪ್ ಪಡೆದ ಪಾಪ್ವಾ

ಹೆಬ್ಬಾಳ, ಆರ್.ಟಿ. ನಗರದ ಕಡೆಯಿಂದ ಮೇಖ್ರಿ ಸರ್ಕಲ್ ದಾಟಿ ಮೆಜೆಸ್ಟಿಕ್ಕಿಗೆ ಹೋಗುವವರು ಸ್ಯಾಂಕಿ ರಸ್ತೆಯ ಪಕ್ಕದ ಹಸಿರು ಗಾಲ್ಫ್ ಮೈದಾನವನ್ನು ನೋಡಿಯೇ ಇರುತ್ತಾರೆ. ಬೆಂಗಳೂರು ಗಾಲ್ಫ್ ಕ್ಲಬ್ ಪ್ರಾರಂಭವಾದದ್ದು 1876ರಲ್ಲಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಪಡೆದಾಗ ಅನೇಕರು ಮೊದಲ ಬಾರಿಗೆ ಟಿ.ವಿ.ಯಲ್ಲಿ ಈ ಆಟವನ್ನು ಕುತೂಹಲದಿಂದ ವೀಕ್ಷಿಸಿದರು. ಆದರೂ ಗಾಲ್ಫ್ ಎಂದರೆ ಹಣವಂತರ ಆಟ ಎಂಬ ಭಾವನೆ ನಮ್ಮಲ್ಲಿ ಹೋಗಿಲ್ಲ. ಆ ಆಟದಲ್ಲಿ ಹೆಸರು ಮಾಡಿದ ಒಬ್ಬ ಬಡ ಭಾರತೀಯ ಮೂಲದ ಆಟಗಾರನ ಜೀವನವನ್ನು ನಮ್ಮ ವಿದ್ಯಾರ್ಥಿಗಳಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಅವರ ಹೆಸರು ಸೇವ್‌ಶಂಕರ್ ಸೆವ್‌ಗೋಲಂ. ಜನ ಪ್ರೀತಿಯಿಂದ ಕರೆದದ್ದು ಪಾಪ್ವಾ ಎಂದು. 1860ರಿಂದ ಸಾವಿರಾರು ಭಾರತೀಯರು ಕಬ್ಬಿನ ತೋಟಗಳ ಕೂಲಿಗಾಗಿ ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯಕ್ಕೆ ಹೋದರು. ಅಲ್ಲಿ ನೆಲೆನಿಂತ ಭಾರತೀಯರ ನಡುವೆ, ಡರ್ಬನ್ ನಗರದಲ್ಲಿ, 1920ರ ದಶಕದ ಕೊನೆಯಲ್ಲಿ ಪಾಪ್ವಾ ಹುಟ್ಟಿದರು. ಮನೆಯಲ್ಲಿ ಕಡುಬಡತನ. ಶಾಲೆಯ ಭಾಗ್ಯ ಅವರಿಗೆ ದೊರೆಯಲಿಲ್ಲ. ಕೊನೆಯವರೆಗೂ ಓದು ಬರಹ ಬರಲಿಲ್ಲ. ಮರದ ಕೊಂಬೆಯನ್ನೇ ಗಾಲ್ಫ್ ಕೋಲು ಮಾಡಿಕೊಂಡು ಆಡಲು ಕಲಿತ ಬಾಲಕ, ಬೀಚ್‌ವುಡ್ ಎಂಬ ಕ್ಲಬ್ಬಿನಲ್ಲಿ ಕ್ಯಾಡಿಯಾಗಿ, ಅಂದರೆ ಆಟಗಾರರ ಕೋಲುಗಳ ಚೀಲ ಹೊರುವವನಾಗಿ ಸೇರಿಕೊಂಡ.

ಗುರುವಿಲ್ಲದೆ ಕಲಿತ ಗುರುತು ಅವರ ಕೈಗಳಲ್ಲಿ ಕೊನೆಯವರೆಗೂ ಉಳಿಯಿತು. ಬಲಗೈ ಆಟಗಾರರು ಕೋಲಿನ ಹಿಡಿಯಲ್ಲಿ ಎಡಗೈ ಮೇಲೆ, ಬಲಗೈ ಕೆಳಗೆ ಇಡುತ್ತಾರೆ. ಕ್ರಿಕೆಟ್ ಬ್ಯಾಟನ್ನೂ ನಾವು ಹೀಗೆಯೇ ಹಿಡಿಯುವುದು. ಪಾಪ್ವಾ ಇದಕ್ಕೆ ತದ್ವಿರುದ್ಧವಾಗಿ ಬಲಗೈ ಮೇಲೆ, ಎಡಗೈ ಕೆಳಗೆ ಇಟ್ಟು ಆಡುತ್ತಿದ್ದರು. ಹೀಗೆ ಹಿಡಿದು ಒಮ್ಮೆ ಬೀಸಿ ನೋಡಿ, ಕಷ್ಟ ಏನೆಂಬುದು ತಿಳಿಯುತ್ತದೆ. ಯಾವ ತರಬೇತುದಾರನೂ ಒಪ್ಪದ ಈ ಹಿಡಿತದಿಂದಲೇ ಅವರು ಚೆಂಡನ್ನು ಬೇಕಾದ ಕಡೆಗೆ ಕಳಿಸುತ್ತಿದ್ದರು.

ಅವರ ಕೌಶಲವನ್ನು ಕಂಡವರು ಗ್ರಹಾಂ ವುಲ್ಫ್ ಎಂಬ ಉದ್ಯಮಿ. ಓಲೇ ಹೆಸರಿನ ಮುಖಕ್ಕೆ ಹಚ್ಚುವ ಕ್ರೀಮನ್ನು ತಯಾರಿಸಿದವರು ಇವರೇ. 1959ರಲ್ಲಿ ತಮ್ಮ ಚಿಕ್ಕ ವಿಮಾನದಲ್ಲಿ ಪಾಪ್ವಾರನ್ನು ಯುರೋಪಿಗೆ ಕರೆದೊಯ್ದರು. ಅದೇ ವರ್ಷ ಪಾಪ್ವಾ ಡಚ್ ಓಪನ್ ಗೆದ್ದರು. 1960ರಲ್ಲಿ ಮತ್ತು 1964ರಲ್ಲಿ ಪುನಃ ಅದನ್ನೇ ಗೆದ್ದರು. ಹೊರದೇಶದಲ್ಲಿ ಚಾಂಪಿಯನ್, ಸ್ವದೇಶದಲ್ಲಿ ಮಾತ್ರ ಬಿಳಿಯರ ಪಂದ್ಯಗಳಿಗೆ ಪ್ರವೇಶ ಸಿಗುವುದೇ ದುಸ್ತರ. ವರ್ಣಭೇದ ನೀತಿಯ ಕಾಲ ಅದು.

ಬಹಳ ಪ್ರಯತ್ನದ ನಂತರ 1963ರಲ್ಲಿ ನಟಾಲ್ ಓಪನ್‌ನಲ್ಲಿ ಆಡಲು ಅವಕಾಶ ದೊರೆಯಿತು. ನೂರಕ್ಕೂ ಹೆಚ್ಚು ಬಿಳಿಯ ಆಟಗಾರರ ನಡುವೆ ಪಾಪ್ವಾ ಗೆದ್ದರು. ಬಹುಮಾನ ಕೊಡುವ ಹೊತ್ತಿಗೆ ಮಳೆ ಸುರಿಯುತ್ತಿತ್ತು. ಸೋತವರೆಲ್ಲ ಕ್ಲಬ್ಬಿನ ಕಟ್ಟಡದೊಳಗೆ ಬೆಚ್ಚಗಿದ್ದರು. ಗೆದ್ದವರು ಭಾರತೀಯರಾದ್ದರಿಂದ ಒಳಗೆ ಬರುವಂತಿರಲಿಲ್ಲ. ಹೊರಗೆ ಮಳೆಯಲ್ಲಿ ನಿಂತೇ ಕಪ್ ಸ್ವೀಕರಿಸಿದರು. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಪ್ರಕಟವಾಗಿ, ದಕ್ಷಿಣ ಆಫ್ರಿಕಾದ ಕ್ರೀಡೆಯನ್ನು ಬಹಿಷ್ಕರಿಸಬೇಕೆಂಬ ಕೂಗಿಗೆ ಬಲ ಬಂತು.

ಇಲ್ಲಿ ಇನ್ನೊಬ್ಬ ಆಟಗಾರ ನೆನಪಾಗುತ್ತಾರೆ. ಅಮೆರಿಕದ ವಾಲ್ಟರ್ ಹೇಗನ್ ಕೂಡ ಕ್ಯಾಡಿಯಾಗಿ ಬೆಳೆದವರು. ಅವರ ಕಾಲದಲ್ಲಿ ಹಣಕ್ಕಾಗಿ ಆಡುವ ವೃತ್ತಿಪರರನ್ನು ಇಂಗ್ಲೆಂಡಿನ ಕ್ಲಬ್ಬುಗಳು ಒಳಗೆ ಬಿಡುತ್ತಿರಲಿಲ್ಲ. 1920ರಲ್ಲಿ ಬ್ರಿಟಿಷ್ ಓಪನ್‌ಗೆ ಬಂದ ಹೇಗನ್ ಭಾರೀ ಕಾರೊಂದನ್ನು ಬಾಡಿಗೆಗೆ ಪಡೆದು, ಕ್ಲಬ್ಬಿನ ಬಾಗಿಲೆದುರೇ ನಿಲ್ಲಿಸಿ, ಅದರಲ್ಲೇ ಬಟ್ಟೆ ಬದಲಾಯಿಸಿದರು! ಆ ಪಂದ್ಯದಲ್ಲಿ ಹೀನಾಯವಾಗಿ ಸೋತರೂ ಮುಂದೆ ನಾಲ್ಕು ಬಾರಿ ಅದನ್ನೇ ಗೆದ್ದರು. ಹೇಗನ್‌ರದು ಠೀವಿಯ ಸ್ವಭಾವ, ಪಾಪ್ವಾರದು ಮೌನದ ಸ್ವಭಾವ. ಆದರೆ ಹೇಗನ್‌ರನ್ನು ತಡೆದದ್ದು ಕ್ಲಬ್ಬಿನ ಸಂಪ್ರದಾಯ; ಪಾಪ್ವಾರನ್ನು ತಡೆದದ್ದು ಸರಕಾರದ ಕಾನೂನು. ಪಾಪ್ವಾರ ಮೌನವನ್ನು ಹೇಡಿತನ ಎನ್ನುವುದು ಸರಿಯಲ್ಲ. ಉರ್ದುವಿನಲ್ಲಿ ಖಾಮೋಶಿ ಬೇರೆ, ಸಬ್ರ್ ಬೇರೆ. ಹೊರಗೆ ನಿಲ್ಲಿಸಿದವರ ಎದುರೇ ಎರಡು ವರ್ಷದ ನಂತರ ಮರಳಿ ಬಂದು ಆಡಿದ್ದನ್ನು ನಾನು ಸಬ್ರ್ ಎಂದೇ ಕರೆಯುತ್ತೇನೆ.

1965ರ ಆ ನಟಾಲ್ ಓಪನ್‌ನಲ್ಲಿ ಎದುರಿಗಿದ್ದವರು ಗ್ಯಾರಿ ಪ್ಲೇಯರ್. ದೇಹವನ್ನು ವ್ಯಾಯಾಮದಿಂದ ಹುರಿಗೊಳಿಸಿದ, ಸೋಲನ್ನು ಸಹಿಸದ ಛಲಗಾರ. ಅದೇ ವರ್ಷ ಅಮೆರಿಕನ್ ಓಪನ್ ಗೆದ್ದು ಜಗತ್ತಿನ ನಾಲ್ಕೂ ದೊಡ್ಡ ಪ್ರಶಸ್ತಿಗಳನ್ನು ಪೂರೈಸಿದವರು. ಅಂಥವರನ್ನು ಪಾಪ್ವಾ ಸೋಲಿಸಿದರು. ಪ್ಲೇಯರ್ ಆ ದಿನಗಳಲ್ಲಿ ತಮ್ಮ ಸರಕಾರದ ನೀತಿಯನ್ನು ಸಮರ್ಥಿಸಿಕೊಂಡು, ಅನಂತರ ಅಭಿಪ್ರಾಯ ಬದಲಿಸಿದರು ಎಂಬುದನ್ನೂ ಹೇಳಬೇಕು.

ಈ ಗೆಲುವು ಸರಕಾರಕ್ಕೆ ನುಂಗಲಾರದ ತುತ್ತಾಯಿತು. 1966ರಲ್ಲಿ ದೇಶದೊಳಗಿನ ಪಂದ್ಯಗಳಿಂದ ಪಾಪ್ವಾರನ್ನು ನಿಷೇಧಿಸಲಾಯಿತು. ಪಾಸ್‌ಪೋರ್ಟನ್ನೂ ಕಿತ್ತುಕೊಂಡದ್ದರಿಂದ ಹೊರದೇಶದ ದಾರಿಯೂ ಮುಚ್ಚಿತು. ಆಟಗಾರನ ಅತ್ಯುತ್ತಮ ವರ್ಷಗಳು ಹೀಗೆ ಕಳೆದುಹೋದವು. ಕೈಯಲ್ಲಿ ಬೇರೆ ವಿದ್ಯೆ ಇರಲಿಲ್ಲ. ಅರ್ಜಿ ಬರೆಯಬೇಕಾದರೂ ಇನ್ನೊಬ್ಬರ ಕೈ ಕಾಯಬೇಕಿತ್ತು. 1978ರಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಐವತ್ತು ತುಂಬಿರಲಿಲ್ಲ, ಮನೆಯಲ್ಲಿ ಹಣವೂ ಇರಲಿಲ್ಲ.

1994ರಲ್ಲಿ ಮಂಡೇಲಾ ಅಧ್ಯಕ್ಷರಾದ ಮೇಲೆ ದಕ್ಷಿಣ ಆಫ್ರಿಕಾ ಬದಲಾಯಿತು. ಡರ್ಬನ್ ನಗರದ ಒಂದು ಸಾರ್ವಜನಿಕ ಗಾಲ್ಫ್ ಮೈದಾನಕ್ಕೆ ಪಾಪ್ವಾ ಸೆವ್‌ಗೋಲಂ ಎಂದೇ ಹೆಸರಿಟ್ಟಿದ್ದಾರೆ.