ಮಕ್ಕಳು ಹಾಡುವ ಹಾಡಿನ ಹಿಂದಿನ ಗುರು

ಕ್ರಿಸ್ತಜಯಂತಿಯ ರಾತ್ರಿ ಕೋಲಾರ, ಮಾಲೂರು, ಕೆ.ಜಿ.ಎಫ್. ಕಡೆಯ ನಮ್ಮ ಮಕ್ಕಳು ಗೋದಲಿಯ ಮುಂದೆ ನಿಂತು ಹಾಡುವ ಹಾಡುಗಳಲ್ಲಿ ‘ಸೈಲೆಂಟ್ ನೈಟ್’ ಒಂದು. ಭಾಷೆ ಕನ್ನಡವಾಗಲಿ, ತಮಿಳಾಗಲಿ, ಇಂಗ್ಲಿಷಾಗಲಿ, ರಾಗ ಅದೇ. ಆದರೆ ಅದನ್ನು ಬರೆದ ಗುರುಗಳ ಬಾಳನ್ನು ಬಲ್ಲವರು ವಿರಳ.

ಜೋಸೆಫ್ ಮೋರ್ ಅವರು 1792ರ ಡಿಸೆಂಬರ್ 11ರಂದು ಇಂದಿನ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನಗರದಲ್ಲಿ ಜನಿಸಿದರು. ತಾಯಿ ಅನ್ನಾ, ಹೆಣಿಗೆ ಕೆಲಸದಿಂದ ಹೊಟ್ಟೆ ಹೊರೆಯುತ್ತಿದ್ದ ಅವಿವಾಹಿತೆ. ತಂದೆ ದಂಡನ್ನು ತೊರೆದು ಓಡಿಹೋದ ಸೈನಿಕ. ಮಗುವಿನ ಜ್ಞಾನತಂದೆಯಾದವನು ಮರಣದಂಡನೆ ಜಾರಿಮಾಡುತ್ತಿದ್ದ ನಗರದ ವಧಕಾರ; ಅವನೂ ಸಮಾಜ ದೂರವಿಟ್ಟ ಮನುಷ್ಯನೇ. ಪ್ರಧಾನಾಲಯದ ಸಂಗೀತ ಸೇವೆಯಲ್ಲಿದ್ದ ಹಿಯರ್ನ್‌ಲೆ ಎಂಬ ಗುರುಗಳು ಬಾಲಕನ ಪ್ರತಿಭೆಯನ್ನು ಗುರುತಿಸಿ ವಿದ್ಯೆಯನ್ನೂ ಸಂಗೀತವನ್ನೂ ಕೊಡಿಸಿದರು. ವಿವಾಹಬಾಹಿರವಾಗಿ ಹುಟ್ಟಿದವರು ಗುರುಗಳಾಗಲು ಅಂದಿನ ಧರ್ಮಸಭೆಯ ಕಾನೂನು ಅಡ್ಡಿಯಾಗಿತ್ತು. ವಿಶೇಷ ಅನುಮತಿ ಪಡೆದ ಮೇಲೆಯೇ ಅವರು ಗುರುಮಠವನ್ನು ಸೇರಿ, 1815ರಲ್ಲಿ ಗುರುದೀಕ್ಷೆ ಪಡೆದರು.

ನೆಪೋಲಿಯನ್ ಯುದ್ಧಗಳಿಂದ ಜನ ನಲುಗಿದ್ದ ಕಾಲ. 1816ರಲ್ಲಿ ಮರಿಯಾಫಾರ್ ಎಂಬ ಬೆಟ್ಟದೂರಿನಲ್ಲಿ ಸಹಾಯಕ ಗುರುಗಳಾಗಿದ್ದಾಗ ಅವರು ಆರು ಚರಣಗಳ ಆ ಕವಿತೆಯನ್ನು ರಚಿಸಿದರು. 1818ರ ಡಿಸೆಂಬರ್ 24ರಂದು ಓಬರ್ನ್‌ಡೋರ್ಫ್‌ನಲ್ಲಿ ಅದನ್ನು ಶಾಲಾ ಉಪಾಧ್ಯಾಯ ಫ್ರಾಂಜ್ ಕ್ಸಾವರ್ ಗ್ರೂಬರ್ ಅವರ ಕೈಗಿತ್ತರು. ಗ್ರೂಬರ್ ಅಂದೇ ರಾಗ ಕಟ್ಟಿದರು. ಆ ರಾತ್ರಿ ಸಂತ ನಿಕೋಲಾಸರ ದೇವಾಲಯದಲ್ಲಿ ಗಿಟಾರಿನೊಡನೆ ಇಬ್ಬರೂ ಹಾಡಿದರು. ಆರ್ಗನ್ನಿನ ಗಾಳಿಚೀಲವನ್ನು ಇಲಿಗಳು ಕಡಿದಿದ್ದವೆಂಬುದು ಕೇವಲ ಕಥೆ. 1854ರಲ್ಲಿ ಗ್ರೂಬರ್ ಬರೆದ ವೃತ್ತಾಂತದಲ್ಲಿ ಅದರ ಪ್ರಸ್ತಾಪವಿಲ್ಲ.

ಹಾಡು ಲೋಕವನ್ನು ಸುತ್ತಿತು. ಬರೆದವರ ಹೆಸರು ಮರೆಯಾಯಿತು. ಮೋರ್ ಊರಿಂದೂರಿಗೆ ವರ್ಗವಾಗುತ್ತ, 1837ರಲ್ಲಿ ವಾಗ್ರೈನ್ ಸೇರಿದರು. ಅಲ್ಲಿ ಶಾಲೆ ಕಟ್ಟಿಸಿ, ಬಡಮಕ್ಕಳ ಓದಿಗೆ ನೆರವಾದರು. 1848ರ ಡಿಸೆಂಬರ್ 4ರಂದು ಬಡವರಾಗಿಯೇ ಕಣ್ಮುಚ್ಚಿದರು. ಅವರ ಸ್ವಹಸ್ತದ ಪ್ರತಿ ಬೆಳಕಿಗೆ ಬಂದದ್ದು 1995ರಲ್ಲಿ.

ಮನುಷ್ಯನ ಘನತೆ ಅವನ ಹುಟ್ಟಿನ ಸಂದರ್ಭದಿಂದ ಬರುವುದಲ್ಲ, ಅವನು ಮನುಷ್ಯನಾಗಿರುವುದರಿಂದಲೇ ಬರುವುದು ಎಂದು ನಾವು ಗುರುಮಠದ ತತ್ತ್ವಶಾಸ್ತ್ರದ ಪಾಠದಲ್ಲಿ ಕಲಿತೆವು. ಆದರೂ ಜ್ಞಾನಸ್ನಾನದ ಅರ್ಜಿಯಲ್ಲಿ ತಂದೆಯ ಹೆಸರಿನ ಸ್ಥಳ ಬರಿದಾಗಿದ್ದುದನ್ನು ಕಂಡು ನಮ್ಮ ಲೇಖನಿಯೂ ಒಮ್ಮೆ ತಡೆದದ್ದುಂಟು. ಎದುರಿಗಿದ್ದ ತಾಯಿ ತಲೆ ತಗ್ಗಿಸಿದ್ದನ್ನು ನಾವು ಮರೆತಿಲ್ಲ. ಮೋರ್ ಅವರನ್ನು ತಡೆದ ಆ ಅಡ್ಡಿ 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಇಲ್ಲ. ನಮ್ಮ ನಾಲಿಗೆಗಳಲ್ಲಿ ಮಾತ್ರ ಅದು ಇನ್ನೂ ಉಳಿದಿದೆ. ಬೆತ್ಲೆಹೇಮಿನಲ್ಲಿ ಸ್ಥಳ ದೊರೆಯದ ಕೂಸಿಗಾಗಿ ಆ ಹಾಡು ಹುಟ್ಟಿತು. ಈ ಬಾರಿ ಅದನ್ನು ಮಕ್ಕಳಿಗೆ ಕಲಿಸುವಾಗ, ಬರೆದವರು ಯಾರ ಮಗನೆಂಬುದನ್ನೂ ಅವರಿಗೆ ಹೇಳೋಣ.