ಏಕೀಕರಣದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು

ಕೆಂಗಲ್ ಹನುಮಂತಯ್ಯನವರ ಹೆಸರೆತ್ತಿದೊಡನೆ ವಿಧಾನಸೌಧವು ಕಣ್ಮುಂದೆ ನಿಲ್ಲುತ್ತದೆ. ಗಡಿನಾಡಿನವರಾದ ನಾವಾದರೋ ಅವರನ್ನು ಆ ಶಿಲಾಭವನಕ್ಕಿಂತ ಹಿರಿದಾದ ಒಂದು ನಿಲುವಿಗಾಗಿ ನೆನೆಯಬೇಕಾಗಿದೆ.

1908ರಲ್ಲಿ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದ ಅವರು ಪುಣೆಯಲ್ಲಿ ನ್ಯಾಯಶಾಸ್ತ್ರವನ್ನು ಓದಿ ವಕೀಲರಾದರು. ಸ್ವಾತಂತ್ರ್ಯ ಚಳವಳಿಯಲ್ಲಿ ಹಲವು ಬಾರಿ ಸೆರೆವಾಸವನ್ನು ಅನುಭವಿಸಿದರು. 1952ರಲ್ಲಿ ಮೈಸೂರು ಸಂಸ್ಥಾನದ ಮುಖ್ಯಮಂತ್ರಿಗಳಾದರು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ 7 ತಾಲ್ಲೂಕುಗಳು ಮೈಸೂರನ್ನು ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸಂದವು. ಉಳಿದ ಕನ್ನಡ ಪ್ರಾಂತಗಳೂ ಕೂಡಬೇಕೆಂಬ ಕೂಗು ಬಲವಾದಾಗ ಹಳೆಯ ಮೈಸೂರಿನ ಅನೇಕ ಮುಖಂಡರು ವಿರೋಧಿಸಿದರು. ಹಿಂದುಳಿದ ಸೀಮೆಗಳ ಭಾರ ತಮ್ಮ ಮೇಲೆ ಬೀಳುವುದೆಂಬ ಅಂಜಿಕೆ ಒಂದು. ಅಧಿಕಾರದ ತಕ್ಕಡಿ ಬೇರೆಡೆಗೆ ವಾಲುವುದೆಂಬ ಶಂಕೆ ಮತ್ತೊಂದು. ಆ ತಕ್ಕಡಿ ವಾಲಿದರೆ ಮೊದಲು ಅಲುಗುವುದು ಮುಖ್ಯಮಂತ್ರಿಯ ಪೀಠವೇ. ಆದರೂ ಹನುಮಂತಯ್ಯನವರು ಶಾಸನಸಭೆಯಲ್ಲಿ ಏಕೀಕರಣವನ್ನೇ ಸಮರ್ಥಿಸಿದರು.

ಪಕ್ಷದೊಳಗಿನ ಅಸಮಾಧಾನ ಬೆಳೆದು 1956ರ ಆಗಸ್ಟಿನಲ್ಲಿ ಅವರು ಅಧಿಕಾರವನ್ನು ಬಿಡಬೇಕಾಯಿತು. ನವೆಂಬರ್ 1ರಂದು ವಿಶಾಲ ಮೈಸೂರು ಉದಯಿಸಿದಾಗ ಮುಖ್ಯಮಂತ್ರಿಗಳಾದವರು ನಿಜಲಿಂಗಪ್ಪನವರು. ಹನುಮಂತಯ್ಯನವರು ಮುಂದೆ ಲೋಕಸಭೆಯ ಸದಸ್ಯರೂ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರೂ ಕೇಂದ್ರದ ರೈಲ್ವೆ ಸಚಿವರೂ ಆಗಿ, 1980ರಲ್ಲಿ ದಿವಂಗತರಾದರು.

ಕಾಸರಗೋಡು, ಸೊಲ್ಲಾಪುರ, ಆದವಾನಿಗಳು ಹೊರಗುಳಿದ ನೋವು ನಮ್ಮೆದೆಯಿಂದ ಆರಿಲ್ಲ. ಆದರೆ ಒಳನಾಡಿನ ಅಧಿಕಾರಸ್ಥರೊಬ್ಬರು ಹೊರಗಿದ್ದ ಕನ್ನಡಿಗರನ್ನು ಭಾರವೆಂದೆಣಿಸದೆ ಬಂಧುಗಳೆಂದು ಬಗೆದರು. ಅದಕ್ಕಾಗಿ ತಮ್ಮ ಗದ್ದುಗೆಯನ್ನೇ ಪಣಕ್ಕೊಡ್ಡಿದರು. ಇದನ್ನು ನಮ್ಮ ಮಕ್ಕಳು ಅರಿತಿರಬೇಕು.